ಫೋಲ್ಡರ್ ಎಷ್ಟು ತೂಗ್ತೈತಿ?

ನಮ್ಮ ಮನೆಯವರು ಗಣಿತದ ಮಾಸ್ತರು. ಆದರೆ ಅವರಿಗೆ ಕೂಡುವುದು ಬರುವುದಿಲ್ಲ!

ಗಾಬರಿಯಾಗಬೇಡಿ. ಕಳೆಯುವುದು, ಗುಣಿಸುವುದು, ಭಾಗಿಸುವುದು ಎಲ್ಲ ಬರುತ್ತದೆ. ಕೂಡುವ ಲೆಕ್ಕವನ್ನಂತೂ ಬಾಯಲ್ಲೇ ಮಾಡಿ ಮುಗಿಸುತ್ತಾರೆ. ಬಾರದೇ ಇರುವುದು ನಮ್ಮ ಕಡೆಯ ಕೂಡುವುದು, ಅಂದರೆ ಕುಳಿತುಕೊಳ್ಳುವುದು. ಕುರ್ಚಿಯೋ, ಚಾಪೆಯೋ, ಕಟ್ಟೆಯೋ, ಎಲ್ಲಾದರೂ ಒಂದು ಕಡೆ ಊರಿ ಕೂಡುವುದು. ಮದುವೆಯಾದ ಹೊಸದರಲ್ಲಿ ತವರಿಗೆ ಹೋದಾಗ ನಮ್ಮವ್ವ "ಕೂಡ್ರಿ ಅಳಿಯಾರ" ಎಂದು ಹೊಸ ಜಮಖಾನ ಹಾಸಿದಳು. ಇವರು "ಕೂಡ್ತೀನ್ರೀ, ಕೂಡ್ತೀನ್ರೀ" ಎನ್ನುತ್ತಲೇ ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಮತ್ತೆ ಪಡಸಾಲೆಗೆ ಓಡಾಡಿದರು. ಊಟದ ಹೊತ್ತಾಗುವಷ್ಟರಲ್ಲಿ ಅವ್ವ ನನ್ನನ್ನು ಮೂಲೆಗೆ ಕರೆದು ಕಿವಿಯಲ್ಲಿ ಕೇಳಿದಳು: "ಯವ್ವಾ, ಅಳಿಯಾರಿಗೆ ಕೂಡೂ ಜಾಗಾದಾಗ ಕುರಾ ಗಿರಾ ಎದ್ದೈತೇನು?"

ಹೆಸರು ಮಾತ್ರ ಕೇಳಬೇಡಿ. ಗಂಡನ ಹೆಸರು ಹೇಳಬಾರದೆಂಬ ಹಳೆಯ ಪದ್ಧತಿಗೆ ಅಂಜಿ ಅಲ್ಲ. ಇದನ್ನು ಯಾರಾದರೂ ಓದಿ ಅವರಿಗೆ ಹೇಳಿದರೆ ಅವರು ಸಿಟ್ಟಿಗೆದ್ದು ಓಡಾಡುತ್ತಾರೆ. ಹೋದ ವರ್ಷವಷ್ಟೇ ನೆಲಕ್ಕೆ ಹಾಸಿದ ಪರಸಿಕಲ್ಲು, ಸವೆದು ಹೋದೀತು!

ಇವರ ಶಾಲೆ ತುರ್ವಿಹಾಳದಲ್ಲಿ. ಸಿಂಧನೂರಿನಿಂದ ದಿನಾ ಬಸ್ಸು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರ ನಿಂತೇ ಹೋಗುತ್ತಾರೆ. ಹೊಸ ಕಂಡಕ್ಟರುಗಳು ಇವರನ್ನು ತಮ್ಮ ಇಲಾಖೆಯವರೇ ಎಂದು ತಿಳಿದು ಟಿಕೆಟ್ ಕೇಳುವುದಿಲ್ಲ; ಇವರೇ ಕರೆದು ತೆಗೆಸಬೇಕು. ತರಗತಿಯಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಲೇ ಪ್ರಮೇಯ ಬಿಡಿಸುತ್ತಾರೆ. ಮಕ್ಕಳ ತಲೆಗಳೆಲ್ಲ ಒಟ್ಟಿಗೆ ಎಡಕ್ಕೆ, ಒಟ್ಟಿಗೆ ಬಲಕ್ಕೆ. ಒಮ್ಮೆ ಶಾಲೆಯ ತಪಾಸಣೆಗೆ ಬಂದ ಮೇಲಿನ ಸಾಹೇಬರು, "ಮಾಸ್ತರ, ಇದು ಗಣಿತದ ತಾಸೋ, ವ್ಯಾಯಾಮದ ತಾಸೋ?" ಎಂದು ಕೇಳಿದರಂತೆ.

ನಾನೋ, ಹೊಲಿಗೆ ಮಷೀನಿನ ಮುಂದೆ ಮುಂಜಾನೆ ಕುಂತರೆ ಸಂಜೆಗೆ ಏಳುವವಳು. ನಮ್ಮ ಓಣಿಯ ಅರ್ಧ ಕುಪ್ಪಸಗಳು ನನ್ನ ಕೈಯಲ್ಲೇ ಹೊಲಿಯಲ್ಪಟ್ಟವು. ನಮ್ಮಿಬ್ಬರನ್ನು ಜೋಡಿ ಮಾಡಿದ ಪುಣ್ಯಾತ್ಮ ಯಾರೋ, ಅವನ ಎಣಿಕೆ ಏನಿತ್ತೋ!

ಈ ಚಟಪಟ ಮನುಷ್ಯನ ಕೈಗೆ ಹೋದ ವರ್ಷ ಒಂದು ಹೊಸ ಹುಚ್ಚು ಸಿಕ್ಕಿತು.

ಒಂದು ಭಾನುವಾರ ಮನೆಯ ಕಂಪ್ಯೂಟರಿನಲ್ಲಿ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ಟೈಪು ಮಾಡಿ, ಉಳಿಸಲು ಹೋದರು. ಕಂಪ್ಯೂಟರು ಜಾಗ ಇಲ್ಲ ಎಂದಿತು. ಡಿಸ್ಕಿನ ಪಟ್ಟಿ ಕೆಂಪಗೆ ತುಂಬಿ ನಿಂತಿತ್ತು.

"ಜಾಗ ಇಲ್ಲಂದ್ರ? ಯಾರು ಬಂದು ಕುಂತಾರ ಅಲ್ಲೆ?"

ಒಂದೊಂದೇ ನೋಡುತ್ತ ಹೋದರು. ಪ್ರತಿ ಫೈಲಿನ ಮುಂದೆ ಅದರ ಗಾತ್ರ ಬರೆದಿತ್ತು. ಫೋಲ್ಡರಿನ ಮುಂದೆ ಮಾತ್ರ ಬಟಾಬಯಲು! ಮೌಸು ಬಿಟ್ಟು ದಡಕ್ಕನೆ ಎದ್ದರು.

"ಏ, ಬಾ ಇಲ್ಲೆ! ಇದೇನಿದು ಅನ್ಯಾಯ? ಚೀಟಿಯಷ್ಟು ಫೈಲು, ಅದರ ತೂಕ ಬರದೈತಿ. ಅಂಥಾವು ಸಾವಿರ ಹೊಟ್ಟ್ಯಾಗ ಹಾಕ್ಕೊಂಡು ಕುಂತ ಫೋಲ್ಡರಿಂದು ಬರದಿಲ್ಲ! ಸಣ್ಣವ್ರ ಲೆಕ್ಕ ಬಯಲಿಗೆ, ದೊಡ್ಡವ್ರ ಲೆಕ್ಕ ಮುಚ್ಚಿ! ಇಲ್ಲೂ ಹಿಂಗಾ?"

"ಇರಲಿ ಬಿಡ್ರೀ. ಯಾವುದರ ಒಂದು ಅಳಿಸಿದ್ರಾತು."

"ಯಾವುದು ಎಷ್ಟು ತೂಗ್ತೈತಿ ಗೊತ್ತಿಲ್ಲದಾ ಹೆಂಗ ಅಳಿಸ್ಲಿ? ನೀ ಅಳತಿ ತೊಗೊಳ್ಳದಾ ಕುಪ್ಪಸ ಕತ್ತರಿಸ್ತೀಯೇನು?"

ನನ್ನ ಕಸುಬಿಗೇ ಬಂದರು! ನಾನು ಮಷೀನಿಗೆ ಮರಳಿದೆ.

ಮೌಸಿನ ಬಲಗುಂಡಿ ಒತ್ತಿ ಕೇಳಿದರೆ ಫೋಲ್ಡರು ತನ್ನ ಗಾತ್ರ ಹೇಳುತ್ತದಂತೆ. ಆದರೆ ಒಂದೊಂದಕ್ಕೂ ಬೇರೆ ಬೇರೆ ಕೇಳಬೇಕು, ಅದು ಒಳಗಿನದನ್ನೆಲ್ಲ ಎಣಿಸಿ ಹೇಳುವ ತನಕ ಕಾಯಬೇಕು. ಕಾಯುವುದು! ನಮ್ಮ ಮನೆಯವರು! ಗುಂಡಿ ಒತ್ತಿ, ಎದ್ದು ಮಾರ್ಕೆಟ್ಟಿಗೆ ಹೋಗಿ ಪುಂಡಿಪಲ್ಲೆ ತಂದರು. ಮರಳಿ ಬಂದರೂ ಅಂಕಿ ಏರುತ್ತಲೇ ಇತ್ತು. ಮತ್ತೆ ಹೋಗಿ ಕೊತ್ತಂಬರಿ ತಂದರು. ಆ ವಾರ ನಮ್ಮ ಮನೆಯಲ್ಲಿ ಸೊಪ್ಪಿಗೆ ಬರವಿರಲಿಲ್ಲ. ಆದರೆ ಪ್ರತಿ ಸಲ ಬಂದಾಗಲೂ ತಾವು ಯಾವ ಫೋಲ್ಡರಿನ ಗಾತ್ರ ಕೇಳಿದ್ದೆವೆಂಬುದೇ ಅವರಿಗೆ ಮರೆತಿರುತ್ತಿತ್ತು.

ಆಗ ಅವರ ಶಾಲೆಯ ಕಂಪ್ಯೂಟರ್ ಟೀಚರು, "ಸರ, ಅದಕ್ಕ ಬ್ಯಾರೆ ತಂತ್ರಾಂಶ ಸಿಗ್ತಾವ. ಹಾಕ್ಕೊಂಡ್ರ ಎಲ್ಲಾ ಫೋಲ್ಡರಿನ ತೂಕ ಒಮ್ಮೆಕಿನಾ ತೋರಿಸ್ತಾವ. ಬಿಟ್ಟಿ" ಎಂದಳಂತೆ. ಆ ಟೀಚರಮ್ಮನ ಬಾಯಿಗೆ ಸಕ್ಕರೆ ಹಾಕಬೇಕೋ ಸೂಜಿ ಹಾಕಬೇಕೋ, ನನಗೆ ಇನ್ನೂ ತೀರ್ಮಾನಕ್ಕೆ ಬರಲಾಗಿಲ್ಲ.

ಬಿಟ್ಟಿ ತಂತ್ರಾಂಶ ಹಾಕುವಾಗ ಅದು ನಡುನಡುವೆ ಏನೇನೋ ಕೇಳುತ್ತದೆ. ಓದಿ, ಬೇಡವಾದದ್ದನ್ನು ಬೇಡ ಎನ್ನಬೇಕು. ಇವರು ಓದುವವರೇ? ಮುಂದೆ, ಮುಂದೆ, ಮುಂದೆ ಎಂದು ಗುಂಡಿ ಒತ್ತಿದರು. ಮೊದಲನೆಯ ತಂತ್ರಾಂಶ ಒಂದೇ ಬರಲಿಲ್ಲ. ಬೀಗರ ಊಟಕ್ಕೆ ಒಬ್ಬರನ್ನು ಕರೆದರೆ ಟ್ರ್ಯಾಕ್ಟರ್ ತುಂಬಿಕೊಂಡು ಬರುತ್ತಾರಲ್ಲ, ಹಾಗೆ ತನ್ನ ಬಳಗವನ್ನೆಲ್ಲ ಕರೆದುಕೊಂಡು ಬಂತು. ಒಂದು ಮೂಲೆಯಲ್ಲಿ ಹವಾಮಾನ ಹೇಳುವುದು, ಇನ್ನೊಂದು ಮೂಲೆಯಲ್ಲಿ ನಿಮ್ಮ ಕಂಪ್ಯೂಟರು ಅಪಾಯದಲ್ಲಿದೆ ಎಂದು ಕೆಂಪು ದೀಪ ಮಿಣುಕಿಸುವುದು, ಮತ್ತೊಂದು ಪದೇ ಪದೇ ಇಸ್ಪೀಟು ಆಡೋಣ ಬಾ ಎನ್ನುವುದು. ಅಷ್ಟೆಲ್ಲ ಬಂದು ಕುಂತ ಮೇಲೆ ಇದ್ದ ಬೆರಳಗಲ ಜಾಗವೂ ಹೋಯಿತು!

"ಜಾಗ ನೋಡಾಕ ಬಂದಿದ್ದಾ ಜಾಗ ತಿಂತಲ್ರೀ?" ಎಂದೆ.

"ಸುಮ್ಮನಿರು. ಇದು ಬರೋಬ್ಬರಿ ಇಲ್ಲ. ಇನ್ನೊಂದು ಐತಿ."

ಇನ್ನೊಂದರ ಅಕ್ಷರಗಳು ಯಾವ ದೇಶದವೋ, ಸಕ್ಕರೆಗೆ ಇರುವೆ ಮುತ್ತಿದಂತೆ ಕಾಣುತ್ತಿದ್ದವು. ಅದನ್ನು ತೆಗೆದರು. ಮತ್ತೊಂದು ಬಂತು. ಇದು ಮಾತ್ರ ಸಭ್ಯ. ಬೇರೆ ಕಿಟಕಿ ತೆಗೆಯಲಿಲ್ಲ, ಇದ್ದ ಕಿಟಕಿಯೊಳಗೇ ಒಂದು ಕಂಬಸಾಲು ಹೆಚ್ಚಿಗೆ ಕೂಡಿಸಿ, ಫೋಲ್ಡರುಗಳ ಮುಂದೆ ಅಂಕಿ ಬರೆಯಿತು. ಅಷ್ಟಕ್ಕೇ ಸಾಕು ಮಾಡಬಹುದಿತ್ತು. ಆದರೆ ಟೀಚರು ಇನ್ನೂ ಒಂದು ಹೇಳಿದ್ದಳಲ್ಲ! ಅದು ಇಡೀ ಡಿಸ್ಕನ್ನು ಬಣ್ಣದ ಚೌಕಗಳಾಗಿ ಹರಡಿ ತೋರಿಸುವಂಥದ್ದು. ಹೆಚ್ಚು ಜಾಗ ಹಿಡಿದದ್ದಕ್ಕೆ ದೊಡ್ಡ ಚೌಕ, ಕಡಿಮೆ ಹಿಡಿದದ್ದಕ್ಕೆ ಸಣ್ಣದು. ಅದನ್ನು ಕಂಪ್ಯೂಟರಿಗೆ ಹಾಕುವುದೂ ಬೇಡ, ಪೆನ್ ಡ್ರೈವಿನಿಂದಲೇ ಓಡುತ್ತದೆ.

ತೆರೆಯ ತುಂಬ ಹಸಿರು, ಹಳದಿ, ನೀಲಿ ಚೌಕಗಳು. ಕಾಲುವೆಗೆ ನೀರು ಬಿಟ್ಟಾಗ ಗುಡ್ಡದ ಮೇಲೆ ನಿಂತು ಗದ್ದೆ ನೋಡಿದ ಹಾಗೆ. ನಡುವೆ ಒಂದು ದೊಡ್ಡ ಕೆಂಪು ಚೌಕ. ಅವತ್ತು ನಾನು ಹೊಸ ಗಿರಾಕಿಯೊಬ್ಬಳ ತೋಳಿನ ಅಳತೆ ತೆಗೆಯುತ್ತಿದ್ದೆ. ಒಳಗಿನಿಂದ ಕೂಗು ಬಂತು.

"ಏ, ಸಿಕ್ತು! ಕಳ್ಳ ಸಿಕ್ತು! ಜಾಗ ತಿಂದಿದ್ದು ಯಾವುದು ಗೊತ್ತೇನು?"

"ನಿಮ್ಮ ಪ್ರಶ್ನೆಪತ್ರಿಕೆ ಇರಬೇಕು."

"ಕುಪ್ಪಸ! ನಿನ್ನ ಕುಪ್ಪಸ! ಹನ್ನೆರಡು ಜಿಬಿ ಕುಪ್ಪಸ! ಇಡೀ ಸಿಂಧನೂರಿಗೆ ತೊಡಿಸಿದ್ರೂ ಉಳಿತಾವ!"

ಅವು ಕೊರಳಿನ ನಮೂನೆ, ಬೆನ್ನಿನ ನಮೂನೆ, ತೋಳಿನ ನಮೂನೆ ಎಂದು ನಾನು ಕೂಡಿಟ್ಟ ಫೋಟೋ ಮತ್ತು ವಿಡಿಯೋಗಳು. ನನಗೆ ಗೊತ್ತು. ಹೊಸ ಗಿರಾಕಿಗೆ ಹೇಗೆ ಗೊತ್ತಾಗಬೇಕು? ಕೈ ಚಾಚಿ ನಿಂತಿದ್ದ ಆಕೆ ಮೆಲ್ಲಗೆ ಕೈ ಇಳಿಸಿ, "ನಾ ಆಮ್ಯಾಲ ಬರ್ತೀನ್ರೀ ಅಕ್ಕಾರ" ಎಂದು ಚಪ್ಪಲಿ ಹುಡುಕಿದಳು. ಇನ್ನೂ ಬಂದಿಲ್ಲ.

ಮನೆಯ ಕಂಪ್ಯೂಟರು ಹಗುರಾದರೆ ಹುಚ್ಚು ಇಳಿದೀತು ಎಂದುಕೊಂಡಿದ್ದೆ. ಇಳಿಯಲಿಲ್ಲ, ಮನೆ ತುಂಬ ಹರಡಿತು. ಅಟ್ಟದ ಕೆಳಗೆ ನಿಂತು, "ಇದರಾಗ ಏನೈತಿ? ಎಷ್ಟೈತಿ? ಕಡೀಕ ಯಾವಾಗ ತಗದಿದ್ದಿ?" ಎಂದು ವಿಚಾರಣೆ. ಒಂದು ದೊಡ್ಡ ಡಬ್ಬಿ ಇಳಿಸಿದರು. ಅದರೊಳಗೊಂದು ಡಬ್ಬಿ. ಅದರೊಳಗೆ ಮತ್ತೊಂದು. "ನೋಡು, ಫೋಲ್ಡರ್ ಒಳಗ ಫೋಲ್ಡರ್, ಅದರೊಳಗ ಫೋಲ್ಡರ್!" ಎಂದು ಕುಣಿಯುತ್ತ ಕೊನೆಯದರ ಮುಚ್ಚಳ ತೆಗೆದರು. ಒಂದು ಲವಂಗ ಇತ್ತು.

ಅಲ್ಲಿಂದ ಊರೂರಿಗೆ ಹೊರಟರು. ಪೆನ್ ಡ್ರೈವ್ ಸದಾ ಅಂಗಿಯ ಕಿಸೆಯಲ್ಲಿ. ಉಡದಾರಕ್ಕೆ ಕಟ್ಟಿಕೊಳ್ಳುವುದೊಂದು ಬಾಕಿ! ಯಾರ ಮನೆಗೆ ಹೋದರೂ ನೀರು ಕುಡಿಯುವ ಮೊದಲೇ, "ನಿಮ್ಮಲ್ಲಿ ಕಂಪ್ಯೂಟರ್ ಐತೇನ್ರೀ? ಜಾಗ ಎಷ್ಟು ಉಳದೈತಿ?" ಎಂಬ ಪ್ರಶ್ನೆ.

ಮಸ್ಕಿಯಲ್ಲಿ ನನ್ನ ತಂಗಿಯ ಕೂಸಿನ ತೊಟ್ಟಿಲು ಕಾರ್ಯ ಇತ್ತು. ತಂಗಿಯ ಗಂಡನದು ಬೀಜ ಗೊಬ್ಬರದ ಅಂಗಡಿ. ಬಹಳ ಗಂಭೀರ ಮನುಷ್ಯ. ಮೂರು ಮಾತಿಗೆ ಒಂದು ಮಾತು ಆಡುವಂಥವನು. ದಿನಾ ಊಟವಾದ ಮೇಲೆ ಕಂಪ್ಯೂಟರಿನ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಲೆಕ್ಕಪತ್ರ ನೋಡುತ್ತಾನೆ ಎಂದು ತಂಗಿ ಹೆಮ್ಮೆಯಿಂದ ಹೇಳುತ್ತಿದ್ದಳು. ಇತ್ತ ಹೆಂಗಸರೆಲ್ಲ ಜೋಗುಳ ಹಾಡುತ್ತಿದ್ದರೆ ಅತ್ತ ಇವರು ಆ ಕೋಣೆ ಹೊಕ್ಕು ಪೆನ್ ಡ್ರೈವ್ ಚುಚ್ಚಿಬಿಟ್ಟಿದ್ದರು. ಕೂಸಿಗೆ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಹೊರಗೆ ಬಂದು, ಎಲ್ಲರ ಎದುರಿಗೆ ಷಡ್ಡಕನ ಬೆನ್ನು ಚಪ್ಪರಿಸಿದರು.

"ಏನಪಾ, ನಿನ್ನ ಜಿಎಸ್‌ಟಿ ಅನ್ನೂ ಫೋಲ್ಡರ್ ಎಂಬತ್ತು ಜಿಬಿ ಐತಲ್ಲ! ಮಸ್ಕಿ ಊರಿಗೂರು ಸೇರಿ ಲೆಕ್ಕ ಬರದ್ರೂ ಅಷ್ಟಾಗಂಗಿಲ್ಲ! ತಗದು ನೋಡಿದೆ. ಬರೇ ಸಿನಿಮಾ! ಬರೇ ತೆಲುಗು ಹೊಡೆದಾಟದ ಸಿನಿಮಾ!"

ಜೋಗುಳ ನಿಂತಿತು. ತಂಗಿ ಗಂಡನ ಕಡೆ ನೋಡಿದಳು. ಗಂಡ ತೊಟ್ಟಿಲ ಕಡೆ ನೋಡಿದ. ನಮ್ಮಪ್ಪ, ಅಂದರೆ ಆ ಗಂಭೀರ ಅಳಿಯನನ್ನು ಹುಡುಕಿ ತಂದವರು, ಗಂಟಲು ಸರಿಮಾಡಿಕೊಂಡರು. ಇನ್ನೇನು ಆಯಿತು ಎಂದು ನಾನು ಸೆರಗು ಬಿಗಿ ಹಿಡಿದೆ. ಅಪ್ಪ ಮೆಲ್ಲಗೆ ಕೇಳಿದರು: "ಅದರಾಗ ಹಳೇವು, ಬ್ಲ್ಯಾಕ್ ಅಂಡ್ ವೈಟು, ಏನರ ಅದಾವೇನು?"

ಬೀಳ್ಕೊಡುವಾಗ ತಂಗಿ ನನ್ನ ಉಡಿಯಲ್ಲಿ ಕೊಬ್ಬರಿ ಹಾಕುತ್ತ, "ಅಕ್ಕಾ, ಮುಂದಿನ ಸಲ ಬರೂವಾಗ ಭಾವನ್ನರ ಬಿಟ್ಟು ಬಾ, ಇಲ್ಲಾ ಆ ಪೆನ್ ಡ್ರೈವರ ಬಿಟ್ಟು ಬಾ" ಎಂದಳು.

ಹೀಗೆ ಎಲ್ಲರ ಮನೆಯ ಫೋಲ್ಡರು ತೂಗಿದರೂ ಒಂದು ಮನೆಯ ಕಡೆಗೆ ಮಾತ್ರ ಇವರು ತಲೆ ಹಾಕಿರಲಿಲ್ಲ. ಲಿಂಗಸುಗೂರಿನಲ್ಲಿ ಇವರ ಅಕ್ಕನ ಮನೆ.

ಅದೊಂದು ಬೇರೆ ಕಥೆ. ಇವರು ಹುಟ್ಟಿದಾಗಿನಿಂದ ಅಕ್ಕನ ಸೊಂಟದ ಮೇಲೆ ಬೆಳೆದವರು. ಅಕ್ಕನ ಮಗಳ ಮದುವೆ ಎಂದರೆ ಇವರು ಸೋದರಮಾವ. ಸೋದರಮಾವನಿಲ್ಲದೆ ನಮ್ಮಲ್ಲಿ ಮದುವೆ ನಡೆಯುತ್ತದೆಯೇ? ಎಂದೂ ಹೊಲಿಸದ ಕೋಟು ಹೊಲಿಸಿದರು, ಅದನ್ನು ತೊಟ್ಟು ಓಣಿಯೆಲ್ಲ ಓಡಾಡಿದರು. ಲಗ್ನಪತ್ರಿಕೆ ಬಂತು. ತೆರೆದು ನೋಡಿದರೆ ಹೆಸರಿಲ್ಲ! ಅಕ್ಕನ ಗಂಡನ ಅಣ್ಣತಮ್ಮಂದಿರು, ಅವರ ಮಕ್ಕಳು, ಮಠದ ಸ್ವಾಮಿಗಳು, ಇಬ್ಬರು ಮುಖಂಡರು, ಅಡತಿ ಅಂಗಡಿಯ ಸಾಹುಕಾರರು, ಎಲ್ಲರೂ ಇದ್ದರು. ಸೋದರಮಾವ ಮಾತ್ರ ಇರಲಿಲ್ಲ. ಫೋನು ಮಾಡಿ ಕೇಳಿದರೆ ಅಕ್ಕನ ಗಂಡ, "ಜಾಗ ಸಾಲಲಿಲ್ಲ ಮಾರಾಯ" ಎಂದರಂತೆ.

ಇವರು ಮದುವೆಗೆ ಹೋದರು. ಅಕ್ಕಿಕಾಳು ಹಾಕಿದರು. ಊಟಕ್ಕೆ ಕೂಡದೆ ಬಸ್ಸು ಹತ್ತಿದರು. ಕೂಡದೇ ಇರುವುದು ಇವರಿಗೆ ಹೊಸದಲ್ಲವಲ್ಲ, ಮದುವೆಮನೆಯಲ್ಲಿ ಯಾರಿಗೂ ಗೊತ್ತಾಗಲೂ ಇಲ್ಲ. ಅಕ್ಕನಿಗೆ ಗೊತ್ತಾಯಿತು. ಹೇಳದೇ ಹೋದ ತಮ್ಮನ ಮೇಲೆ ಅಕ್ಕನಿಗೂ ಸಿಟ್ಟು. ಅಂದಿನಿಂದ ಮಾತಿಲ್ಲ. ಪಂಚಮಿಗೆ ಉಂಡಿ ಹೋಗಲಿಲ್ಲ, ದೀಪಾವಳಿಗೆ ಸೀರೆ ಹೋಗಲಿಲ್ಲ. ನಾನು ಮಾತು ತೆಗೆದರೆ ಇವರು ಎದ್ದು ಹೊರಗೆ ಹೋಗುತ್ತಿದ್ದರು.

ಈಗ್ಗೆ ಎರಡು ತಿಂಗಳ ಹಿಂದೆ ಅಕ್ಕಾರಿಂದ ನನಗೆ ಫೋನು ಬಂತು.

"ತಂಗೀ, ನಮ್ಮ ಕಂಪ್ಯೂಟರ್ ತುಂಬೈತಂತ. ಮಗಳು ಫೋಟೋ ಕಳಿಸಿದ್ರ ಇಳಸಾಕ ಬರವಲ್ದು. ಮಸ್ಕ್ಯಾಗ ನಿನ್ನ ಗಂಡ ಏನೋ ತಗದು ತೋರಿಸಿದ್ನಂತಲ್ಲ, ಎಲ್ಲಾರೂ ಮಾತಾಡಾಕತ್ತಾರ. ಅವಗೇನೂ ಹೇಳಬ್ಯಾಡ." ಫೋನು ಇಡುವಾಗ, "ಸುಮ್ನ ಕಿವಿ ಮ್ಯಾಲ ಹಾಕು" ಎಂದರು.

ಹಾಕಿದೆ. ಇವರು ಅಂಗಳಕ್ಕೂ ಪಡಸಾಲೆಗೂ ಓಡಾಡತೊಡಗಿದರು.

"ನಾ ಹೋಗಂಗಿಲ್ಲ. ಜಾಗ ಇಲ್ಲದವ್ರ ಮನಿಗೆ ನಾ ಯಾಕ ಹೋಗ್ಲಿ?"

"ಬ್ಯಾಡ ಬಿಡ್ರೀ."

ಇನ್ನೊಂದು ಸುತ್ತು.

"ಡಿಸ್ಕು ಎಷ್ಟು ಜಿಬಿದು ಅಂತ ಕೇಳಿದ್ಯೇನು?"

"ಇಲ್ಲ."

"ಕೇಳಬೇಕಿಲ್ಲೋ? ಪಟ್ಟಿ ಕೆಂಪಾಗೈತೋ ಏನು?"

ಮತ್ತೊಂದು ಸುತ್ತು. ಕೊನೆಗೆ ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ, "ಮನಷ್ಯಾರ ಮ್ಯಾಲಿನ ಸಿಟ್ಟು ಯಂತ್ರದ ಮ್ಯಾಲ ತೋರಿಸಬಾರದು. ಭಾನುವಾರ ಹೋಗೂಣು. ಕಂಪ್ಯೂಟರ್ ಸಲುವಾಗಿ. ಮತ್ತ್ಯಾರ ಸಲುವಾಗೂ ಅಲ್ಲ" ಎಂದರು.

ಸಿಂಧನೂರಿನಿಂದ ಲಿಂಗಸುಗೂರಿಗೆ ಬಸ್ಸು ಮಸ್ಕಿಯ ಮೇಲೆ ಹಾಯ್ದು ಹೋಗುತ್ತದೆ. ಅವತ್ತಿನ ಇವರ ಚಡಪಡಿಕೆ ನೋಡಬೇಕಿತ್ತು! ನಿಂತರು, ಮುಂದೆ ಹೋದರು, ಹಿಂದೆ ಬಂದರು, ಕಿಟಕಿ ಸರಿಸಿದರು, ಮುಚ್ಚಿದರು. ಮಸ್ಕಿಯಲ್ಲಿ ಚಹಾಕ್ಕೆಂದು ಇಳಿದವರು ಬಸ್ಸು ಹೊರಟರೂ ಬರಲಿಲ್ಲ. ನಾನು ಕೂಗಿ ನಿಲ್ಲಿಸಿದೆ. ಓಡಿ ಬಂದು ಹತ್ತಿದರು. ಕೈಯಲ್ಲಿ ಚಹಾ ಇಲ್ಲ, ಒಂದು ಕಿಲೋ ಬಾಳೆಹಣ್ಣು.

"ಯಾರಿಗ್ರೀ ಇವು?"

"ಯಾರಿಗಂದ್ರ? ಹಸಿವಾದ್ರ ಬೇಕಾಗ್ತಾವಲ್ಲ" ಎಂದು ಚೀಲಕ್ಕೆ ತುರುಕಿದರು. ಇವರು ಬಾಳೆಹಣ್ಣು ಮುಟ್ಟುವುದಿಲ್ಲ. ಅಕ್ಕಾರಿಗೆ ಬಲು ಇಷ್ಟ.

ಅಕ್ಕಾರು ಬಾಗಿಲಲ್ಲೇ ಇದ್ದರು. ಅವರ ಯಜಮಾನರು ಹೊಲಕ್ಕೆ ಹೋಗಿದ್ದರು. "ಬಾ ತಂಗೀ" ಎಂದು ನನ್ನ ಕೈ ಹಿಡಿದರು. ನನ್ನ ಬೆನ್ನ ಹಿಂದೆ ಇದ್ದ ಆರಡಿ ಮನುಷ್ಯ ಅವರಿಗೆ ಕಾಣಲಿಲ್ಲ. ಆ ಆರಡಿ ಮನುಷ್ಯನಿಗೂ ಬಾಗಿಲು ಕಂಡಿತು, ಕಂಪ್ಯೂಟರು ಕಂಡಿತು, ಅಕ್ಕ ಕಾಣಲಿಲ್ಲ. ನೇರ ಹೋಗಿ ಪೆನ್ ಡ್ರೈವ್ ಚುಚ್ಚಿದರು.

"ನೀರು ಬೇಕೇನು ಕೇಳು" ಎಂದರು ಅಕ್ಕಾರು ನನಗೆ.

"ಬ್ಯಾಡಂತ ಹೇಳು" ಎಂದರು ಇವರು ನನಗೆ.

"ಬಿಸಲಾಗ ಬಂದಾನ, ಕುಡೀಬೇಕಂತ ಹೇಳು."

"ಕುಡೀತೀನಿ, ಅಲ್ಲಿಡಾಕ ಹೇಳು."

ಕೈಯಳತೆಯ ದೂರದಲ್ಲಿ ಇಬ್ಬರೂ. ನಡುವೆ ನಾನು, ಟಪಾಲು ಪೆಟ್ಟಿಗೆ!

ಕಂಪ್ಯೂಟರು ಮುದಿಯದು. ಅದರ ಡಿಸ್ಕು ಒಂದೊಂದು ಫೋಲ್ಡರನ್ನೂ ಮುಲುಗುತ್ತ ಎಣಿಸುತ್ತಿತ್ತು. ಪಟ್ಟಿ ಅರ್ಧ ತುಂಬಿತು, ಮುಕ್ಕಾಲಾಯಿತು. ಇವರು ಕೋಣೆಯಲ್ಲಿ ಹನ್ನೆರಡು ಹೆಜ್ಜೆಯ ಗಾಣ ತಿರುಗುತ್ತಿದ್ದರು. ಇನ್ನೇನು ಮುಗಿಯಿತು ಎನ್ನುವಾಗ ಫಟ್! ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಪೆಟ್ಟಿಗೆ ಕೆಟ್ಟು ವರ್ಷವಾಗಿತ್ತಂತೆ. ತೆರೆ ಕಪ್ಪಾಯಿತು.

"ಥತ್! ಮೊದಲಿಂದ ಎಣಿಸಬೇಕು!"

"ಕರೆಂಟ್ ಬರೂಮಟಾ ಉಣ್ಣಾಕ ಹೇಳು" ಎಂದು ಅಡುಗೆಮನೆಯಿಂದ ದನಿ ಬಂತು.

ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆ, ಅಗಸಿ ಹಿಂಡಿ, ಗಟ್ಟಿ ಮೊಸರು. ಒಂದೂ ನನ್ನ ಮೆಚ್ಚಿನದಲ್ಲ, ಒಂದೊಂದೂ ಇವರ ಮೆಚ್ಚಿನದು. ಇವರು ತಾಟು ಹಿಡಿದುಕೊಂಡು ನಿಂತೇ ಉಂಡರು. "ಇನ್ನೊಂದು ರೊಟ್ಟಿ ಹಾಕ್ಕೋ ಅನ್ನು", "ಸಾಕಂತ ಹೇಳು", "ಅರ್ಧ ಹಾಕ್ಕೋ ಅನ್ನು", ಹೀಗೆ ನನ್ನ ಮೂಲಕ ಎಷ್ಟು ರೊಟ್ಟಿ ದಾಟಿದವೋ ನನಗೇ ಲೆಕ್ಕ ಸಿಗಲಿಲ್ಲ.

ಉಂಡ ಮೇಲೆ ಕರೆಂಟು ಬಂತು. ಮತ್ತೆ ಎಣಿಕೆ ಶುರು. ಈ ಸಲ ಮುಗಿಯುವ ಮುಂಚೆಯೇ ತೆರೆಯ ಮೇಲೆ ಚೌಕಗಳು ಮೂಡತೊಡಗಿದವು. ನಾಲ್ಕು ದೊಡ್ಡ ಕೆಂಪು ಚೌಕ, ನಾಲ್ಕೂ ಒಂದೇ ಅಳತೆ. ಇವರು ಬಗ್ಗಿ ಓದಿದರು: 'ಮದುವೆ'. 'ಮದುವೆ ಕಾಪಿ'. 'ಮದುವೆ ಕಾಪಿ ಎರಡು'. 'ಮದುವೆ ಕಾಪಿ ಮೂರು'.

"ಇದನ್ಯಾಕ ನಾಕ್ ಸಲ ಇಟ್ಟಾರಂತ ಕೇಳು."

"ಒಂದು ಕೆಟ್ಟು ಹೋದ್ರ ಇನ್ನೊಂದು ಇರ್ಲಿ ಅಂತ ಇಟ್ಟೀನಿ ಅಂತ ಹೇಳು. ಇದ್ದಾಕಿ ಒಬ್ಬಾಕಿ ಮಗಳು. ದಿನಾ ಹಚ್ಚಿ ನೋಡ್ತೀನಿ."

ಇವರ ಓಡಾಟ ನಿಂತಿತು. ನಿಂತದ್ದು ಒಳ್ಳೆಯದಕ್ಕಲ್ಲ ಎಂದು ನನಗೆ ತಿಳಿಯಿತು.

"ಹೌದೌದು. ನನ್ನ ಹೆಸರಿಗೆ ಕಾರ್ಡಿನಾಗ ಒಂದ್ ಸಾಲಿನಷ್ಟು ಜಾಗ ಇರಲಿಲ್ಲ. ಅದೇ ಮದುವಿಗೆ ಇಲ್ಲೆ ನಾಕ್ ಸಲ ಜಾಗ ಸಿಕ್ಕೈತಿ ಅಂತ ಹೇಳು!"

ಈ ಮಾತನ್ನು ನಾನು ದಾಟಿಸುವ ಅವಶ್ಯಕತೆ ಇರಲಿಲ್ಲ. ಅಕ್ಕಾರು ಎದ್ದು ಒಳಗೆ ಹೋದರು. ಇವರು ಮೌಸು ಹಿಡಿದು ಹೆಚ್ಚಿನ ಮೂರು ಕಾಪಿ ಅಳಿಸುವುದಕ್ಕೆ ಎಣಿಕೆ ಮುಗಿಯುವುದನ್ನೇ ಕಾಯುತ್ತ, "ಮುಗದ ಕೂಡ್ಲೇ ಹೊಂಡೂದು. ಚೀಲ ತಗೋ. ಐದೂವರಿ ಬಸ್ಸು ಸಿಗ್ತೈತಿ" ಎಂದರು. ಪಟ್ಟಿ ತುಂಬುತ್ತ ಬಂತು. ಬೆರಳಗಲ ಉಳಿಯಿತು. ಫಟ್! ಮತ್ತೆ ಕರೆಂಟು ಹೋಯಿತು!

"ಏನಿದು ಈ ಊರಾಗ!" ಎಂದು ಇವರು ತಲೆ ಚಚ್ಚಿಕೊಂಡರು.

ಸೆಕೆಗೆ ನನಗೂ ಕೂಡಲಾಗಲಿಲ್ಲ. ಒಂದು ಬೀಸಣಿಕೆ ಕೇಳೋಣ ಎಂದು ಒಳಗೆ ಹೋದೆ. ಅಡುಗೆಮನೆಯ ಆಚೆ, ಹಿತ್ತಲ ಬಾಗಿಲ ಸಂದಿಯಲ್ಲಿ ಅಕ್ಕಾರು ಗೋಡೆಗೆ ಮುಖ ಮಾಡಿ ನಿಂತಿದ್ದರು. ಅವರ ಕೈ ಮೇನ್ ಸ್ವಿಚ್ಚಿನ ಮೇಲಿತ್ತು. ಹಿಡಿಕೆ ಕೆಳಕ್ಕೆ ಎಳೆದಿತ್ತು. ಆಚೆ ಮನೆಯಲ್ಲಿ ಮಿಕ್ಸರು ಗುರುಗುಡುತ್ತಿತ್ತು!

ನನ್ನನ್ನು ನೋಡಿ ಅವರು ಬಾಯಿಗೆ ಸೆರಗು ಒತ್ತಿಕೊಂಡರು.

"ಮಧ್ಯಾನದ್ದೂ ನೀವಾ ಏನ್ರೀ ಅಕ್ಕಾರ?"

ತಲೆಯಾಡಿಸಿದರು. "ಮುಗೀತಂದ್ರ ಎದ್ದು ಹೊಕ್ಕಾನಲ್ಲ ತಂಗೀ. ಇನ್ನೊಂದೀಟು ಹೊತ್ತು ಇರ್ಲಿ ಅಂತ." ಮೂಗು ಒರೆಸಿಕೊಂಡರು. "ಕಾರ್ಡಿನಾಗ ಹೆಸರು ಬಾಳ ಆಗ್ಯಾವ, ಒಂದು ತಗೀರಿ ಅಂದ್ರು ಪ್ರೆಸ್ಸಿನವ್ರು. ಯಾರದು ತಗದ್ರೂ ಸಿಟ್ಟಾಗ್ತಾರ. ತಮ್ಮ ಅಂದ್ರ ನಮ್ಮವನಾ, ಅವ ಏನೂ ಅನ್ಕೊಳ್ಳಂಗಿಲ್ಲ ಅಂತ ನಾನಾ ತಗಿಸಿದೆ. ಜಾಗ ಸಾಲದ್ದಕ್ಕ ಪ್ರೆಸ್ಸಿನವ್ರಾ ತಗದಾರಂತ ನಮ್ಮನಿಯವ್ರು ತಿಳ್ಕೊಂಡಾರ. ಈಗ ಹೆಂಗ ಹೇಳ್ಲಿ?"

ಬೀಸಣಿಕೆ ಕೇಳುವುದನ್ನೂ ಮರೆತು ಹೊರಗೆ ಬಂದೆ.

ಇವರು ಕಪ್ಪು ತೆರೆಯ ಎದುರು ನಿಂತಿದ್ದರು. ಕಿಟಕಿ ತೆರೆದಿತ್ತು. ಎದುರು ಮನೆಯ ಪಡಸಾಲೆಯಲ್ಲಿ ಫ್ಯಾನು ಭರ್ರೋ ಎಂದು ತಿರುಗುತ್ತಿತ್ತು, ಟಿವಿಯ ಬೆಳಕು ಗೋಡೆಯ ಮೇಲೆ ಕುಣಿಯುತ್ತಿತ್ತು. ಇವರು ಅದನ್ನೇ ನೋಡುತ್ತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ! ಹಿತ್ತ‌ಲ ಕಡೆ ಒಮ್ಮೆ, ಫ್ಯಾನಿನ ಕಡೆ ಒಮ್ಮೆ ನೋಡಿದರು.

"ಕರೆಂಟು ಜಲ್ದಿ ಬರೂ ಹಂಗ ಕಾಣೂದಿಲ್ಲ" ಎಂದರು. "ನಾಳಿ ನನಗ ಸೂಟಿ ತಗೊಳ್ಳಾಕ ಬರ್ತೈತಿ. ರಾತ್ರಿಗೂ ನಾಕು ರೊಟ್ಟಿ ಬಡೀಬೇಕಾಗ್ತೈತಿ ಅಂತ ಅಕ್ಕಗ ಹೇಳು."

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅಕ್ಕಾರ ದನಿ ಬಂತು. ಒಡೆದ ದನಿ. "ಅವನಾ ಬಂದು ಹೇಳಲಿ!"

ಇವರು ಚೀಲದಿಂದ ಬಾಳೆಹಣ್ಣು ತೆಗೆದುಕೊಂಡು ಒಳಗೆ ಹೋದರು. "ಅಕ್ಕಾ" ಎಂದದ್ದು ಕೇಳಿಸಿತು. ಆಮೇಲೆ ಇಬ್ಬರೂ ಒಟ್ಟಿಗೇ, ಒಬ್ಬರ ಮಾತಿನ ಮೇಲೆ ಒಬ್ಬರು, ಬೈಯುತ್ತಿದ್ದದ್ದು, ನಗುತ್ತಿದ್ದದ್ದು ಕೇಳಿಸಿತು. ಹೊರಗೆ ಹೊತ್ತು ಮುಳುಗಿತು. ಎದುರು ಮನೆಯಲ್ಲಿ ದೀಪ ಹತ್ತಿದವು. ಅಕ್ಕಾರ ಅಡುಗೆಮನೆಯಲ್ಲಿ ಒಲೆಯ ಬೆಳಕೊಂದೇ. ಆ ಸ್ವಿಚ್ಚನ್ನು ಮೇಲೆತ್ತಬೇಕೆಂಬ ನೆನಪು ಇಬ್ಬರಿಗೂ ಇರಲಿಲ್ಲ. ನಾನೂ ಎದ್ದು ಹೋಗಿ ಹೇಳಲಿಲ್ಲ.